ಸುಂಕು, ಮುಳ್ಳು, ಬ್ರಷ್: ತೋಟದ ಬಿರುಗೂದಲಿನ ಜೊತೆ ಕೆಲಸ ಮಾಡುವುದು ಹೇಗೆ?

ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. "ಬೆಂಡೆ, ಸೌತೆ ಗಿಡದಲ್ಲಿ ಕೈಯಾಡಿಸಿದರೆ ಸಂಜೆವರೆಗೂ ಕೆರೆತ, ಏನು ಮಾಡಲಿ?" ಎನ್ನುವುದು ಒಂದು. "ಕುಂಡ, ಕತ್ತರಿ, ಎಲೆ ಇದನ್ನೆಲ್ಲ ಉಜ್ಜೋಕೆ ಯಾವ ಬ್ರಷ್ ತಗೊಳ್ಳಲಿ?" ಎನ್ನುವುದು ಇನ್ನೊಂದು. ಕೇಳುವವರು ಬೇರೆ ಬೇರೆ. ಆದರೆ ಎರಡರ ಹಿಂದಿರುವುದೂ ಒಂದೇ, ಸಣ್ಣಗಿನ ಬಿರುಸು ಎಳೆ. ಗಿಡದ ಮೈಮೇಲೆ ಬೆಳೆದರೆ ಅದನ್ನು ಸುಂಕು ಎನ್ನುತ್ತೇವೆ. ಸಾಲಾಗಿ ಹಿಡಿಗೆ ಕಟ್ಟಿದರೆ ಬ್ರಷ್ ಆಗುತ್ತದೆ. ಈ ಎಳೆಗೆ ಒಂದು ದಿಕ್ಕಿದೆ, ಒಂದು ಗಡಸುತನ ಇದೆ. ಅವೆರಡನ್ನು ನೋಡಿಕೊಂಡು ಕೈ ಹಾಕಿದರೆ ಅರ್ಧ ತೊಂದರೆ ಹತ್ತಿರವೇ ಸುಳಿಯುವುದಿಲ್ಲ.

ಅದಕ್ಕೇ ಎರಡನ್ನೂ ಸೇರಿಸಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ಭೂತಗನ್ನಡಿ. ಚೂಪು ಮೂತಿಯ ಚಿಮ್ಮಟ. ಅಗಲವಾದ ಅಂಟು ಟೇಪು. ಬಿಳಿ ಅಂಟು, ಅಂದರೆ ಮಕ್ಕಳು ಕಾಗದ ಅಂಟಿಸಲು ಬಳಸುತ್ತಾರಲ್ಲ, ಅದು. ಗಾಯಕ್ಕೆ ಕಟ್ಟುವ ತೆಳು ಬಟ್ಟೆ. ಉದ್ದ ತೋಳಿನ, ನುಣುಪಾದ ನೇಯ್ಗೆಯ ಅಂಗಿ. ಇಕ್ಕಳ. ಕಣ್ಣಿಗೆ ಕನ್ನಡಕ. ಬ್ರಷ್‌ಗಳ ವಿಷಯ ಐದನೇ ಹಂತದಲ್ಲಿ ಹೇಳುತ್ತೇನೆ, ಈಗಲೇ ಕೊಳ್ಳಬೇಡಿ.

ಹಂತ 1: ಮುಟ್ಟುವ ಮೊದಲು ಯಾವ ಜಾತಿಯ ಸುಂಕು ಎಂದು ನೋಡಿ

ಎಲ್ಲ ಸುಂಕೂ ಒಂದೇ ಥರ ಅಲ್ಲ. ಕೆಲಸಕ್ಕೆ ಬೇಕಾಗುವಷ್ಟು ಹೇಳುವುದಾದರೆ ನಾಲ್ಕು ಬಗೆ.

ಮೊದಲನೆಯದು ಸುಮ್ನೆ ಗೀರುವ ಸುಂಕು. ಸೌತೆ, ಕುಂಬಳ, ಬೆಂಡೆ, ಸೂರ್ಯಕಾಂತಿ ಇವುಗಳ ಎಲೆ ಮತ್ತು ಕಾಂಡದ ಮೇಲೆ ಇರುವುದು ಇದೇ. ಎಳೆ ಗಡುಸಾಗಿರುತ್ತದೆ. ಚರ್ಮದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ಅದರೊಳಗೆ ಬೆವರು, ಗಿಡದ ರಸ ಇಳಿದಾಗ ಉರಿ ಶುರು.

ಎರಡನೆಯದು ಒಳಗೆ ವಿಷ ಇಟ್ಟುಕೊಂಡ ರೋಮ. ತುರಿಕೆ ಸೊಪ್ಪಿನ ಜಾತಿಯ ಗಿಡಗಳಲ್ಲಿ ಇದನ್ನು ನೋಡಬಹುದು. ನೆಟಲ್ ಎಂಬ ಗಿಡದಲ್ಲಂತೂ ರೋಮದ ತುದಿ ಗಾಜಿನಂಥ ಸಿಲಿಕಾದಿಂದ ಆಗಿರುತ್ತದೆ. ಮುಟ್ಟಿದ ಕೂಡಲೇ ತುದಿ ಮುರಿದು, ಉಳಿದದ್ದು ಇಂಜೆಕ್ಷನ್ ಸೂಜಿಯಂತೆ ಚರ್ಮದೊಳಗೆ ಹೋಗಿ ಹಿಸ್ಟಮಿನ್ ಮುಂತಾದ ಉರಿಯುವ ವಸ್ತುಗಳನ್ನು ಬಿಡುತ್ತದೆ. ನಸುಗುನ್ನಿ ಕಾಯಿಯ ಮೇಲಿನ ಕಂದು ರೋಮದಲ್ಲಿ ಇರುವುದು ಬೇರೆ ವಸ್ತು, ಮ್ಯೂಕುನೇನ್ ಎಂಬ ಕಿಣ್ವ. ಅಲರ್ಜಿಯ ಮಾತ್ರೆ ನುಂಗಿದರೂ ನಸುಗುನ್ನಿಯ ಕೆರೆತ ಅಷ್ಟಾಗಿ ತಗ್ಗುವುದಿಲ್ಲ ಎನ್ನುವುದಕ್ಕೆ ಕಾರಣ ಇದೇ. ಮಾತ್ರೆ ಹಿಸ್ಟಮಿನ್ ವಿರುದ್ಧ ಕೆಲಸ ಮಾಡುತ್ತದೆ, ಇಲ್ಲಿನ ಕೆರೆತದ ದಾರಿಯೇ ಬೇರೆ.

ಮೂರನೆಯದು ಪಾಪಸುಕಳ್ಳಿಯ ನವಿರು ಮುಳ್ಳು. ಇದಕ್ಕೆ ಗ್ಲಾಕಿಡ್ ಎಂದು ಹೆಸರು. ಕಳ್ಳಿಯ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುವ ಮೆತ್ತನೆ ದಿಂಬುಗಳಿವೆಯಲ್ಲ, ಅವಕ್ಕೆ ಏರಿಯೋಲ್ ಎನ್ನುತ್ತಾರೆ. ದೊಡ್ಡ ಮುಳ್ಳು, ಗ್ಲಾಕಿಡ್ ಎರಡೂ ಹುಟ್ಟುವುದು ಅಲ್ಲಿಂದಲೇ. ದೊಡ್ಡ ಮುಳ್ಳು ಗಟ್ಟಿಯಾಗಿ ಗಿಡಕ್ಕೇ ಅಂಟಿಕೊಂಡಿರುತ್ತದೆ. ಗ್ಲಾಕಿಡ್ ಹಾಗಲ್ಲ, ತಾಗಿದರೆ ಸಾಕು, ಗೊಂಚಲು ಗೊಂಚಲಾಗಿ ಕಳಚಿ ಕೈಗೆ ಬರುತ್ತದೆ.

ಇಲ್ಲಿ ಜನ ಜಾಸ್ತಿ ಮೋಸ ಹೋಗುವುದು "ಮುಳ್ಳಿಲ್ಲದ ಕಳ್ಳಿ"ಯಲ್ಲಿ. ಮೊಲದ ಕಿವಿಯಂಥ ಚಪ್ಪಟೆ ತುಂಡು, ಅದರ ಮೇಲೆ ಹಳದಿ ಅಥವಾ ಬಿಳಿ ವೆಲ್ವೆಟ್ ಚುಕ್ಕಿ, ನೋಡಲು ಎಷ್ಟು ಮುದ್ದು! ಉದ್ದ ಮುಳ್ಳು ಒಂದೂ ಇರುವುದಿಲ್ಲ. ಆದರೆ ಆ ಒಂದೊಂದು ಚುಕ್ಕಿಯೂ ನೂರಾರು ಗ್ಲಾಕಿಡ್‌ಗಳ ಕಟ್ಟು. ಚಿಕ್ಕ ಮಕ್ಕಳಿರುವ ಕಡೆ ಈ ಗಿಡವನ್ನು ಕೈಗೆಟುಕುವ ಎತ್ತರದಲ್ಲಿ ಇಡಲೇಬೇಡಿ.

ನಾಲ್ಕನೆಯದು ಹುಲ್ಲು, ಧಾನ್ಯಗಳ ತೆನೆಯ ಮೀಸೆ. ಗೋಧಿ ಅಥವಾ ಬಾರ್ಲಿಯ ಒಣ ತೆನೆ ಸಿಕ್ಕರೆ ಒಂದು ಮೀಸೆಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ. ನಯವಾಗಿ ಜಾರುತ್ತದೆ. ಈಗ ತುದಿಯಿಂದ ಬುಡಕ್ಕೆ ಎಳೆಯಿರಿ. ಗರಗಸದ ಹಾಗೆ ತಡೆಯುತ್ತದೆ. ಮೀಸೆಯ ಮೇಲಿನ ಸಣ್ಣ ಹಲ್ಲುಗಳೆಲ್ಲ ತುದಿಯ ಕಡೆಗೇ ವಾಲಿವೆ. ಹೀಗಾಗಿ ಅಲುಗಾಡಿದಷ್ಟೂ ಬುಡ ಮುಂದಾಗಿ ಒಳಗೆ ನುಗ್ಗುತ್ತದೆ, ಹಿಂದೆ ಬರುವುದಿಲ್ಲ. ನಾಯಿಯ ಕಿವಿ, ಕಾಲ್ಬೆರಳ ಸಂದಿಗೆ ಇಂಥ ಹುಲ್ಲಿನ ಬೀಜ ಸೇರಿಕೊಂಡರೆ ಅಪಾಯ ಅನ್ನುವುದು ಈ ಕಾರಣಕ್ಕೇ. ನಾಯಿ ಒಂದೇ ಸಮ ತಲೆ ಕೊಡವುತ್ತಿದ್ದರೆ ಕಿವಿಯೊಳಗೆ ನೀವೇ ಕೆದಕಬೇಡಿ, ಪಶುವೈದ್ಯರಿಗೆ ತೋರಿಸಿ.

ಒಂದು ಮಾತು ಸೇರಿಸಬೇಕು. ಗಿಡದ ರೋಮ ಇರುವುದು ನಮ್ಮನ್ನು ಕಾಡಲು ಮಾತ್ರ ಅಲ್ಲ. ಎಲೆಯ ಮೇಲಿನ ರೋಮ ತೇವದ ಗಾಳಿಯನ್ನು ಹಿಡಿದಿಟ್ಟು ನೀರು ಆರಿಹೋಗುವುದನ್ನು ತಗ್ಗಿಸುತ್ತದೆ, ಬಿಸಿಲನ್ನು ಚದುರಿಸುತ್ತದೆ, ಸಣ್ಣ ಹುಳುಗಳ ದಾರಿಗೆ ಅಡ್ಡ ಬರುತ್ತದೆ. ಟೊಮೆಟೊ ಗಿಡ ಮುಟ್ಟಿದಾಗ ಬರುವ ಆ ಗಾಢ ವಾಸನೆ, ಬೆರಳಿಗೆ ಹತ್ತುವ ಹಳದಿ ಹಸಿರು ಕರೆ ಕೂಡ ರೋಮದ ತುದಿಯ ಗ್ರಂಥಿಗಳಿಂದಲೇ. ಹಾಗಾಗಿ "ಸುಂಕು ಉಜ್ಜಿ ತೆಗೆದುಬಿಡಲಾ?" ಎಂದು ಕೇಳುವವರಿಗೆ ನನ್ನ ಉತ್ತರ: ಕೊಯ್ದ ಕಾಯಿಯಿಂದ ತೆಗೆಯಿರಿ, ಬದುಕಿರುವ ಗಿಡದಿಂದ ಬೇಡ.

ಹಂತ 2: ಬಟ್ಟೆ ಮತ್ತು ಕೈಗವಸು

ಗೀರುವ ಸುಂಕಿಗೆ ಉದ್ದ ತೋಳಿನ ಅಂಗಿ ಸಾಕು. ಉಣ್ಣೆ, ದಪ್ಪ ಹೆಣಿಗೆಯ ಬಟ್ಟೆ ಬೇಡ, ಸುಂಕು ಅದರಲ್ಲಿ ಸಿಕ್ಕಿಕೊಂಡು ಮನೆಯೊಳಗೂ ಬರುತ್ತದೆ. ಬಿಸಿಲೇರುವ ಮೊದಲೇ ಕೊಯ್ಲು ಮುಗಿಸಿ. ಬೆವರಿದ ಚರ್ಮಕ್ಕೆ ಸುಂಕಿನ ಉರಿ ಜಾಸ್ತಿ.

ಪಾಪಸುಕಳ್ಳಿಗೆ ಕೈಗವಸನ್ನೇ ನಂಬಬೇಡಿ. ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಕುಂಡ ಬದಲಾಯಿಸಿ, ಏನೂ ಆಗಲಿಲ್ಲ ಎಂದು ಖುಷಿಯಿಂದ ಒಳಗಿಟ್ಟಿದ್ದೆ. ತಿಂಗಳ ನಂತರ ಅದೇ ಕೈಗವಸು ಹಾಕಿ ಬೇರೆ ಗಿಡ ನೆಡುವಾಗ ಹತ್ತೂ ಬೆರಳು ಚುಚ್ಚಲು ಶುರುವಾಯಿತು. ಗ್ಲಾಕಿಡ್ ಅಷ್ಟು ದಿನ ಅದರಲ್ಲೇ ಕೂತಿತ್ತು. ಕಳ್ಳಿಯನ್ನು ಇಕ್ಕಳದಿಂದ ಹಿಡಿಯಿರಿ. ಗಿಡ ನಲುಗದಂತೆ ಇಕ್ಕಳದ ಎರಡೂ ದವಡೆಗೆ ಸ್ಪಂಜಿನ ತುಂಡು ಕಟ್ಟಿ. ದೊಡ್ಡ ಗಿಡವಾದರೆ ಹಳೇ ದಿನಪತ್ರಿಕೆಯನ್ನು ಪಟ್ಟಿಯಂತೆ ಹಲವು ಪದರ ಮಡಿಚಿ, ಗಿಡದ ಸೊಂಟಕ್ಕೆ ಸುತ್ತಿ ಎತ್ತಿ. ಕೆಲಸ ಮುಗಿದ ಮೇಲೆ ಸ್ಪಂಜು, ಕಾಗದ ಎರಡನ್ನೂ ಎಸೆಯಿರಿ.

ನಸುಗುನ್ನಿಯಂಥದ್ದನ್ನು ಕಿತ್ತು ಸುಡುವ ಯೋಚನೆ ಬೇಡ. ಒಣಗಿದ ರೋಮ ಗಾಳಿಯಲ್ಲಿ ಹಾರುತ್ತದೆ, ಕಣ್ಣಿಗೂ ಉಸಿರಿಗೂ ಸೇರುತ್ತದೆ. ಕಾಯಿ ಬಲಿತು ಒಣಗುವ ಮೊದಲೇ, ನೀರು ಚಿಮುಕಿಸಿ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ತೆಗೆಯಿರಿ.

ಹಂತ 3: ಚುಚ್ಚಿಯೇ ಬಿಟ್ಟಿತು, ಈಗ?

ಉಜ್ಜಬೇಡಿ. ಕೆರೆಯಬೇಡಿ. ಬಾಯಿಯಿಂದ ಕಚ್ಚಿ ತೆಗೆಯಲು ಹೋಗಬೇಡಿ, ನಾಲಿಗೆಗೆ ಚುಚ್ಚಿಕೊಂಡರೆ ಕಥೆ ಬೇರೆಯೇ ಆಗುತ್ತದೆ. ಗೊತ್ತಿದ್ದೂ ಎಲ್ಲರೂ ಮೊದಲು ಮಾಡುವ ತಪ್ಪು ಇದೇ: ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದು. ಗ್ಲಾಕಿಡ್ ಮುರಿದು ತುದಿ ಒಳಗೇ ಉಳಿಯುತ್ತದೆ, ಪ್ಯಾಂಟಿಗೂ ಅಂಟುತ್ತದೆ.

ಭೂತಗನ್ನಡಿಯಲ್ಲಿ ನೋಡಿದರೆ ಏಕೆ ಎಂದು ಅರ್ಥವಾಗುತ್ತದೆ. ಕೆಲವೇ ಮಿಲಿಮೀಟರ್ ಉದ್ದದ ಹೊಂಬಣ್ಣದ ಎಳೆ. ಬಲವಾದ ಭೂತಗನ್ನಡಿಯಾದರೆ ಅದರ ಅಂಚು ಒರಟೊರಟಾಗಿ ಕಾಣುತ್ತದೆ. ಅವು ಮೀನಿನ ಗಾಳದ ಹಾಗೆ ಹಿಂದಕ್ಕೆ ವಾಲಿದ ಕೊಕ್ಕೆಗಳು. ಒಳಗೆ ಹೋಗುವಾಗ ಮಡಿಚಿಕೊಂಡಂತೆ ಜಾರುತ್ತವೆ, ಹೊರಗೆ ಎಳೆದಾಗ ಬಿಚ್ಚಿ ಹಿಡಿಯುತ್ತವೆ.

ತೆಗೆಯುವ ಕ್ರಮ ಹೀಗೆ:

1. ಒಳ್ಳೆ ಬೆಳಕಿನಲ್ಲಿ ಕೂತು, ಕಣ್ಣಿಗೆ ಕಾಣುವ ಗೊಂಚಲುಗಳನ್ನು ಚಿಮ್ಮಟದಿಂದ ಎಳೆಯಿರಿ. ಚುಚ್ಚಿಕೊಂಡ ಕೋನದಲ್ಲೇ, ನೇರವಾಗಿ. ಅಡ್ಡ ಬಗ್ಗಿಸಿದರೆ ಮುರಿಯುತ್ತದೆ.
2. ಉಳಿದ ಸಣ್ಣವುಗಳ ಮೇಲೆ ಬಿಳಿ ಅಂಟನ್ನು ತೆಳ್ಳಗೆ ಸವರಿ, ಮೇಲೆ ತೆಳು ಬಟ್ಟೆ ಒತ್ತಿ.
3. ಪೂರ್ತಿ ಒಣಗುವವರೆಗೆ, ಸುಮಾರು ಅರ್ಧ ಗಂಟೆ, ಕೈ ಅಲ್ಲಾಡಿಸದೆ ಇರಿ. ಆಮೇಲೆ ಬಟ್ಟೆಯನ್ನು ಒಂದು ತುದಿಯಿಂದ ನಿಧಾನ ಸುಲಿಯಿರಿ.
4. ಬೇಕಾದರೆ ಮತ್ತೊಮ್ಮೆ ಮಾಡಿ. ಕೊನೆಗೆ ಸಾಬೂನು ನೀರಲ್ಲಿ ತೊಳೆಯಿರಿ.

ಈ ಕ್ರಮ ಮುಖ್ಯ. ಮೊದಲು ಚಿಮ್ಮಟ, ಆಮೇಲೆ ಅಂಟು. ಕ್ಷಣದಲ್ಲಿ ಗಟ್ಟಿಯಾಗುವ ಬಲವಾದ ಅಂಟನ್ನು ಮಾತ್ರ ಯಾವತ್ತೂ ಹಾಕಬೇಡಿ, ಅದು ಸುಲಿದು ಬರುವುದಿಲ್ಲ, ಮುಳ್ಳನ್ನು ಚರ್ಮಕ್ಕೇ ಭದ್ರ ಮಾಡುತ್ತದೆ. ಬರೀ ಟೇಪು ಹಾಕಿದರೆ ಗ್ಲಾಕಿಡ್ ಪೂರ್ತಿ ಬರುವುದಿಲ್ಲ. ಆದರೆ ತುರಿಕೆ ಸೊಪ್ಪು, ನಸುಗುನ್ನಿ, ಕಂಬಳಿಹುಳದ ರೋಮಕ್ಕೆ ಟೇಪೇ ಸರಿ: ಅಂಟಿಸಿ, ಎತ್ತಿ, ಪ್ರತಿ ಸಲ ಹೊಸ ತುಂಡು. ಆಮೇಲೆ ತಣ್ಣೀರಿನಲ್ಲಿ ಸಾಬೂನು ಹಾಕಿ ತೊಳೆದು ತಣ್ಣೀರ ಪಟ್ಟಿ ಇಡಿ.

ಸೌತೆ, ಬೆಂಡೆಯ ಗೀರಿಗೆ ಇಷ್ಟೆಲ್ಲ ಬೇಡ. ತೊಳೆದರೆ ಕೆಲ ಹೊತ್ತಿನಲ್ಲಿ ಹೋಗುತ್ತದೆ.

ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಕಣ್ಣಿಗೆ ಬಿದ್ದರೆ ಶುದ್ಧ ನೀರು ಹರಿಸಿ, ತಿಕ್ಕದೆ ಕೂಡಲೇ ಹೋಗಿ. ಮುಖ ಊದಿದರೆ, ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯಬೇಡಿ. ಮುಳ್ಳು ಆಳಕ್ಕೆ ಇಳಿದಿದ್ದು ಧನುರ್ವಾಯು ಚುಚ್ಚುಮದ್ದು ತಗೊಂಡು ಬಹಳ ವರ್ಷವಾಗಿದ್ದರೆ ಹೇಳಿ. ಚುಚ್ಚಿದ ಜಾಗ ವಾರಗಟ್ಟಲೆ ಮಾಯದೆ ಗಂಟಾಗಿ, ತೋಳಿನುದ್ದಕ್ಕೂ ಇನ್ನಷ್ಟು ಗಂಟು ಕಾಣಿಸಿಕೊಂಡರೆ "ತೋಟದಲ್ಲಿ ಮುಳ್ಳು ಚುಚ್ಚಿತ್ತು" ಎಂದು ತಪ್ಪದೆ ತಿಳಿಸಿ. ಗುಲಾಬಿ ಮುಳ್ಳು, ಮಣ್ಣು, ಪಾಚಿಯಿಂದ ಹತ್ತುವ ಒಂದು ಬೂಸಿನ ಸೋಂಕು ಹೀಗೆ ಹಬ್ಬುತ್ತದೆ.

ಹಂತ 4: ರೋಮವಿರುವ ಗಿಡವನ್ನು ಶುಚಿ ಮಾಡುವುದು

ಆಫ್ರಿಕನ್ ವಯೊಲೆಟ್‌ನಂಥ ಮೆತ್ತನೆ ರೋಮದ ಎಲೆಗೆ ಒದ್ದೆ ಬಟ್ಟೆ ಹಾಕಬೇಡಿ. ಬಟ್ಟೆ ರೋಮವನ್ನು ನೆಲಕ್ಕೆ ಮಲಗಿಸುತ್ತದೆ, ಧೂಳು ಅದರಡಿ ಸಿಕ್ಕಿಕೊಳ್ಳುತ್ತದೆ. ತಣ್ಣೀರಿನ ಹನಿ ಬಿದ್ದರೆ ಎಲೆಯಲ್ಲಿ ಮಾಸದ ಮಚ್ಚೆಯೂ ಆಗಬಹುದು. ಚಿತ್ರ ಬರೆಯುವ ಮೆತ್ತನೆ ಬ್ರಷ್ ತಗೊಳ್ಳಿ. ಎಲೆಯ ಅಡಿಗೆ ಒಂದು ಕೈ ಆಸರೆ ಕೊಟ್ಟು ತೊಟ್ಟಿನಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ಗುಡಿಸಿ. ಬೆಕ್ಕಿನ ಬೆನ್ನು ಸವರುತ್ತೀರಲ್ಲ, ಅಷ್ಟೇ ಹಗುರ.

ಕಳ್ಳಿಯ ಮುಳ್ಳುಗಳ ನಡುವಿನ ಧೂಳು, ಜೇಡನ ಬಲೆಗೆ ಉದ್ದ ಎಳೆಯ ಮೆತ್ತನೆ ಬ್ರಷ್ ಸರಿ. ಆದರೆ ಪಾಪಸುಕಳ್ಳಿಗೆ ಬ್ರಷ್ ತಾಗಿಸಲೇಬೇಡಿ, ಗ್ಲಾಕಿಡ್ ಗಾಳಿಗೆ ಹಾರುತ್ತದೆ. ಅದಕ್ಕೆ ನೀರಿನ ಸಣ್ಣ ಧಾರೆಯೇ ಕ್ಷೇಮ.

ಬಿಳಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆಗೆ ಹಳೇ ಮೆತ್ತನೆ ಟೂತ್‌ಬ್ರಷ್‌ಗಿಂತ ಒಳ್ಳೆ ಸಲಕರಣೆ ನಾನು ಕಂಡಿಲ್ಲ. ತೆಳು ಸಾಬೂನು ನೀರಿನಲ್ಲಿ ಅದ್ದಿ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಸುತ್ತಿಸಿ. ಒಂದು ಗಿಡಕ್ಕೆ ಬಳಸಿದ ಬ್ರಷ್ ಇನ್ನೊಂದಕ್ಕೆ ಹಾಗೇ ಒಯ್ಯಬೇಡಿ, ಮರಿಹುಳುಗಳು ಎಳೆಗಳ ನಡುವೆ ಕೂತು ಪ್ರಯಾಣ ಮಾಡುತ್ತವೆ.

ಹಂತ 5: ಬ್ರಷ್ ಆರಿಸುವುದು

ನನ್ನ ಲೆಕ್ಕ ಸರಳ: ಕೊಳೆಗಿಂತ ಗಡುಸು, ವಸ್ತುವಿಗಿಂತ ಮೆತ್ತಗೆ. ಕಬ್ಬಿಣದ ತಂತಿ ಮಣ್ಣಿನ ಕುಂಡಕ್ಕಿಂತ ಗಡುಸು, ಹಾಗಾಗಿ ಕುಂಡದ ಮೈ ಗೀಚಿಹೋಗುತ್ತದೆ. ತೆಂಗಿನ ನಾರು ಕುಂಡಕ್ಕಿಂತ ಮೆತ್ತಗೆ, ಒಣ ಮಣ್ಣಿಗಿಂತ ಗಡುಸು. ಸರಿಯಾದ ಜೋಡಿ.

ತೆಂಗಿನ ನಾರು ಒದ್ದೆಯಾದರೂ ಬೇಗ ಕೊಳೆಯುವುದಿಲ್ಲ, ತೋಟಕ್ಕೆ ಇದು ನನ್ನ ಮೊದಲ ಆಯ್ಕೆ. ಮೆಕ್ಸಿಕೊದ ಒಂದು ಕತ್ತಾಳೆ ಜಾತಿಯಿಂದ ತೆಗೆಯುವ ಟ್ಯಾಂಪಿಕೊ ನಾರು ನೀರು ಹಿಡಿದುಕೊಳ್ಳುತ್ತದೆ, ನೀರು ಹಾಕಿ ತೊಳೆಯುವ ಕೆಲಸಕ್ಕೆ ಚೆನ್ನ. ಹಂದಿಯ ಕೂದಲಿನ ತುದಿ ತಾನಾಗಿಯೇ ಸೀಳಿರುತ್ತದೆ, ಎಣ್ಣೆ ಬಣ್ಣ ಸವರಲು ಅದು ಒಳ್ಳೆಯದು. ನೀರಿನಲ್ಲಿ ನೆನೆದರೆ ಸೋತುಬಿಡುತ್ತದೆ. ನೈಲಾನ್ ಬಾಳಿಕೆ ಬರುತ್ತದೆ, ಆದರೆ ಬಿಸಿಲಲ್ಲಿ ಬಿಟ್ಟರೆ ಕಾಲಕ್ರಮೇಣ ಪೆಡಸಾಗಿ ಮುರಿದು ಚೂರು ಮಣ್ಣಿಗೆ ಸೇರುತ್ತದೆ. ಕುದಿಯುವ ನೀರಿಗೆ ಹಾಕಿದರೆ ಎಳೆ ಸೊಟ್ಟಗಾಗುತ್ತದೆ.

ತಂತಿ ಬ್ರಷ್‌ಗಳಲ್ಲಿ ಹಿತ್ತಾಳೆಯದು ಮೆತ್ತಗೆ, ಉಕ್ಕಿನದು ಗಡುಸು. ಕತ್ತರಿಯ ಅಲಗಿಗೆ ಹಿತ್ತಾಳೆ, ಗುದ್ದಲಿಯ ದಪ್ಪ ತುಕ್ಕಿಗೆ ಉಕ್ಕು. ಉಕ್ಕಿನ ಬ್ರಷ್‌ನಿಂದ ಕಲ್ಲುಹಾಸು ಉಜ್ಜಿದರೆ ಉದುರಿದ ಚೂರುಗಳೇ ಆಮೇಲೆ ತುಕ್ಕಿನ ಕಲೆ ಬಿಡುತ್ತವೆ. ಹಾಸುಗಲ್ಲಿನ ಸಂದಿಯ ಪಾಚಿಗೆ ಗಟ್ಟಿ ನಾರಿನ ಬ್ರಷ್ ಸಾಕು. ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವ ತಂತಿ ಬ್ರಷ್ ಬಳಸುವವರು ಕಣ್ಣಿಗೆ ಕನ್ನಡಕ ಇಲ್ಲದೆ ಸ್ವಿಚ್ ಒತ್ತಬೇಡಿ. ಕಳಚಿದ ತಂತಿ ಬಾಣದ ಹಾಗೆ ಬರುತ್ತದೆ.

ಹಂತ 6: ಕುಂಡ ಮತ್ತು ಸಲಕರಣೆ ಉಜ್ಜುವುದು

1. ಕುಂಡವನ್ನು ಒಣಗಿಸಿ, ಒಣ ಬ್ರಷ್‌ನಿಂದ ಮಣ್ಣು ಉದುರಿಸಿ. ಒದ್ದೆ ಮಣ್ಣನ್ನು ಉಜ್ಜಿದರೆ ಕೆಸರು ಬಳಿದಂತೆ.
2. ಅಂಚಿನ ಬಿಳಿ ಪೊರೆ ನೀರು ಮತ್ತು ಗೊಬ್ಬರದ ಉಪ್ಪು. ಸಮ ಸಮ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿ ಉಜ್ಜಿ, ಚೆನ್ನಾಗಿ ತೊಳೆಯಿರಿ.
3. ರೋಗ ಬಂದ ಗಿಡ ಇದ್ದ ಕುಂಡವಾದರೆ, 1 ಪಾಲು ಮನೆ ಬಳಕೆಯ ಬ್ಲೀಚ್‌ಗೆ 9 ಪಾಲು ನೀರು ಸೇರಿಸಿ 10 ನಿಮಿಷ ಮುಳುಗಿಸಿಡಿ. ಮತ್ತೆ ತೊಳೆದು ಬಿಸಿಲಿಗಿಡಿ.

ಮಣ್ಣು ಉಳಿದಿದ್ದರೆ ಬ್ಲೀಚ್‌ನ ಶಕ್ತಿ ಆ ಮಣ್ಣಿಗೇ ಖರ್ಚಾಗುತ್ತದೆ, ಅದಕ್ಕೇ ಉಜ್ಜುವುದು ಮೊದಲು. ವಿನೆಗರ್ ಮತ್ತು ಬ್ಲೀಚ್ ಎಂದೂ ಸೇರಬಾರದು, ವಿಷದ ಕ್ಲೋರಿನ್ ಅನಿಲ ಹೊರಡುತ್ತದೆ. ಎರಡನ್ನೂ ಒಂದೇ ದಿನ ಮಾಡುವುದಾದರೆ ನಡುವೆ ಕುಂಡವನ್ನೂ ಬ್ರಷ್ಷನ್ನೂ ತೊಳೆಯಿರಿ. ಬ್ರಷ್ ಹೀರಿಕೊಂಡ ವಿನೆಗರ್ ಅನ್ನು ಜನ ಮರೆತುಬಿಡುತ್ತಾರೆ.

ಕತ್ತರಿಗೆ ಬ್ಲೀಚ್ ಬೇಡ, ಲೋಹ ತಿಂದುಹಾಕುತ್ತದೆ. ಉಜ್ಜಿ, 70% ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ಎಣ್ಣೆ ಸವರಿ.

ಹಂತ 7: ಬ್ರಷ್‌ನಿಂದ ಕಾಯಿ ಕಟ್ಟಿಸುವುದು

ನನಗೆ ತುಂಬ ಇಷ್ಟದ ಕೆಲಸ ಇದು. ದುಂಬಿ ಬಾರದ ಬಾಲ್ಕನಿ, ಚಾವಣಿಗಳಲ್ಲಿ ಹೂ ಬಿಟ್ಟರೂ ಕಾಯಿ ನಿಲ್ಲುವುದಿಲ್ಲ. ದುಂಬಿಯ ಮೈ ಕೂದಲು ಮಾಡುವ ಕೆಲಸವನ್ನು ಬ್ರಷ್‌ನ ಕೂದಲು ಮಾಡಬಲ್ಲದು.

ಸೌತೆ, ಕರಬೂಜ ಜಾತಿಯಲ್ಲಿ ಗಂಡು ಹೂವಿನ ತೊಟ್ಟು ತೆಳ್ಳಗೆ ಬರಿದಾಗಿರುತ್ತದೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿಯ ಆಕಾರ ಇರುತ್ತದೆ. ಬೆಳಗ್ಗೆ, ಹೂ ಅರಳಿದ ಹೊತ್ತಿಗೇ, ಒಣಗಿದ ಸಣ್ಣ ಬ್ರಷ್‌ನಿಂದ ಗಂಡು ಹೂವಿನ ನಡುವೆ ಮೆಲ್ಲಗೆ ತಿರುಗಿಸಿ. ಎಳೆಗಳ ತುದಿಗೆ ಹಳದಿ ಪುಡಿ ಹತ್ತಿದ್ದು ಕಾಣಬೇಕು. ಅದನ್ನು ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಸುತ್ತಲೂ ತಾಗಿಸಿ. ಕುಂಬಳದ ಪರಾಗ ದಪ್ಪ, ಅಂಟು ಜಾಸ್ತಿ. ಅಲ್ಲಿ ಗಂಡು ಹೂವಿನ ದಳ ಕಿತ್ತು, ಆ ಹೂವನ್ನೇ ಬ್ರಷ್‌ನಂತೆ ಬಳಸುವುದು ವಾಸಿ.

ಟೊಮೆಟೊಗೆ ಮೆತ್ತನೆ ಬ್ರಷ್ ಉಪಯೋಗವಿಲ್ಲ. ಅದರ ಪರಾಗ ಕೇಸರಗಳ ಕೊಳವೆಯೊಳಗೆ ಅಡಗಿರುತ್ತದೆ, ನಡುಗಿಸಿದರೆ ಮಾತ್ರ ಉದುರುತ್ತದೆ. ಬ್ಯಾಟರಿ ಟೂತ್‌ಬ್ರಷ್ ಚಾಲೂ ಮಾಡಿ, ಹೂಗೊಂಚಲಿನ ತೊಟ್ಟಿಗೆ ಎರಡು ಮೂರು ಸೆಕೆಂಡ್ ತಾಗಿಸಿ. ಹೂವಿಗೇ ಒತ್ತಬೇಡಿ, ಗಾಯವಾಗುತ್ತದೆ. ಇಬ್ಬನಿ ಆರಿದ ಮೇಲೆ, ಗಾಳಿ ಒಣಗಿರುವ ಹೊತ್ತಿನಲ್ಲಿ ಮಾಡಿ.

ಬೀಜ ಉಳಿಸಿಕೊಳ್ಳುವವರು ತಳಿಗೊಂದು ಬ್ರಷ್ ಇಟ್ಟುಕೊಳ್ಳಿ. ಇಲ್ಲವೇ ನಡುವೆ ಆಲ್ಕೋಹಾಲ್‌ನಲ್ಲಿ ಅದ್ದಿ ಪೂರ್ತಿ ಒಣಗಿಸಿ. ಹಳೇ ಪರಾಗ ಸಾಯುತ್ತದೆ.

ಇದರ ಜೊತೆಗೆ ಸಸಿಗಳ ಮಾತು. ಕಿಟಕಿಯ ಬಳಿ ಬೆಳೆಸಿದ ಟೊಮೆಟೊ ಸಸಿ ಕಡ್ಡಿಯಂತೆ ಉದ್ದವಾಗಿ ಬಾಗುತ್ತದೆ, ಅಲ್ವಾ? ಅಗಲವಾದ ಮೆತ್ತನೆ ಬ್ರಷ್ ಅಥವಾ ಬರೀ ಅಂಗೈಯಿಂದ ದಿನಕ್ಕೊಮ್ಮೆ ಸಸಿಗಳ ತಲೆಯನ್ನು ಎಂಟು ಹತ್ತು ಸಲ ಆಚೆ ಈಚೆ ಸವರಿ. ಗಾಳಿ ಬೀಸಿದೆ ಎಂದುಕೊಂಡ ಸಸಿ ಗಿಡ್ಡಗೆ, ಗಟ್ಟಿಮುಟ್ಟಾಗಿ ಬೆಳೆಯುತ್ತದೆ. ಸ್ಪರ್ಶಕ್ಕೆ ಗಿಡ ಹೀಗೆ ಮೈ ಬದಲಿಸುವುದಕ್ಕೆ 1973ರಲ್ಲಿ ಎಂ. ಜೆ. ಜಾಫೆ ಎಂಬ ಸಸ್ಯವಿಜ್ಞಾನಿ ಥಿಗ್ಮೊಮಾರ್ಫೊಜೆನೆಸಿಸ್ ಎಂದು ಹೆಸರಿಟ್ಟರು. ಎಲೆ ಒದ್ದೆ ಇರುವಾಗ ಮಾತ್ರ ಮಾಡಬೇಡಿ, ರೋಗ ಸಸಿಯಿಂದ ಸಸಿಗೆ ದಾಟುತ್ತದೆ. ಮೆಣಸಿನ ಸಸಿಯ ಎಲೆ ಬೇಗ ಹರಿಯುತ್ತದೆ, ಅದನ್ನು ಬಿಟ್ಟುಬಿಡಿ.

ಹಂತ 8: ಬ್ರಷ್ ಕಾಪಾಡುವುದು

ಕೆಲಸ ಮುಗಿದ ಮೇಲೆ ಎಳೆಗಳನ್ನು ಬೆರಳಿನಿಂದ ಬಿಡಿಸಿ ತೊಳೆಯಿರಿ, ಜೋರಾಗಿ ಕೊಡವಿ. ಎಳೆ ಕೆಳಮುಖವಾಗಿ, ನೆಲಕ್ಕೆ ತಾಗದಂತೆ ತೂಗುಹಾಕಿ. ಮೇಲ್ಮುಖವಾಗಿ ಇಟ್ಟರೆ ನೀರು ಬುಡಕ್ಕಿಳಿದು ಮರದ ಹಿಡಿ ಕೊಳೆತು ಎಳೆ ಗೊಂಚಲಾಗಿ ಕಿತ್ತು ಬರುತ್ತದೆ. ಪೊರಕೆಯೂ ಅಷ್ಟೇ, ಮೂಲೆಯಲ್ಲಿ ಒರಗಿಸಿಟ್ಟರೆ ಒಂದೇ ಕಡೆ ಬಾಗುತ್ತದೆ.

ಸವೆದ ನಾರಿನ ಬ್ರಷ್‌ನ ತುದಿಯನ್ನು ಕತ್ತರಿಯಿಂದ ಸಮ ಮಾಡಿದರೆ ಇನ್ನೊಂದಷ್ಟು ಕಾಲ ಬರುತ್ತದೆ. ಬಣ್ಣ ಹಾಕದ ತೆಂಗಿನ ನಾರನ್ನು ಕೊನೆಗೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು, ಕರಗಲು ಬಹಳ ದಿನ ಬೇಕು ಅಷ್ಟೇ. ತಂತಿ ಬ್ರಷ್‌ನ ಎಳೆ ಉದುರಲು ಶುರುವಾದ ದಿನವೇ ಅದನ್ನು ತೋಟದಿಂದ ಹೊರಗೆ ಕಳಿಸಿ. ಮಣ್ಣಿಗೆ ಬಿದ್ದ ತಂತಿ ಮುಂದೊಂದು ದಿನ ಬರಿಗೈಯಲ್ಲಿ ಕಳೆ ಕೀಳುವವರ ಬೆರಳಿಗೇ ಸಿಗುತ್ತದೆ.